ಪಾಲಾರ್‌ನಲ್ಲಿ ಫೋಟೊ ತೆಗೆಯೋಕೆ ಏನಿದೆ? ಟೀ ಅಂಗಡಿಯಿಂದ ಹೊಳೆದಂಡೆವರೆಗೆ ಎಲ್ಲವೂ ಇದೆ

ಪಾಲಾರ್ (ಹನೂರು ತಾ.): ಮೊಬೈಲ್‌ನಲ್ಲಿ ‘ಪಾಲಾರ್’ ಅಂತ ಹುಡುಕಿದವರಿಗೆ ಬೇಗ ಎದುರಾಗೋದು 1993ರ ಏಪ್ರಿಲ್ 9ರ ಸುದ್ದಿ. ವೀರಪ್ಪನ್ ತಂಡ ಇಟ್ಟ ನೆಲಬಾಂಬ್ ಸ್ಫೋಟಕ್ಕೆ ಅಂದು 22 ಮಂದಿ ಬಲಿಯಾದರು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತು ಎರಡು ದಶಕ ದಾಟಿದೆ. ಆದರೂ ಹೊರಗಿನವರ ಮನಸ್ಸಲ್ಲಿ ಈ ಊರಿನ ಹೆಸರಿಗೆ ಅಂಟಿಕೊಂಡಿರುವ ಚಿತ್ರ ಅದೊಂದೇ.

ಆಗ ಊರಿನ ಫೋಟೊ ತೆಗೆದವರು ಹೊರಗಿನಿಂದ ಬಂದವರು. ಇಲ್ಲಿಯವರ ಮನೆಗೆ ಕ್ಯಾಮೆರಾ ಬರ್ತಾ ಇದ್ದದ್ದು ಮದುವೆಗೋ, ನಾಮಕರಣಕ್ಕೋ, ಇಲ್ಲಾ ಸಾವಿಗೋ. ರೋಲ್‌ಗೆ 36 ಫೋಟೊ, ತೊಳೆಸೋಕೆ ಪಟ್ಟಣಕ್ಕೆ ಹೋಗಬೇಕು. ಹಾಗಾಗಿ ದಿನದ ಬದುಕಿನ ಫೋಟೊ ಯಾರೂ ತೆಗೀಲಿಲ್ಲ. ಈಗ ಪ್ರತಿ ಜೇಬಿನಲ್ಲೂ ಕ್ಯಾಮೆರಾ ಇದೆ. ಆದರೆ ಫೋಟೊಗೆ ಆಸೆಪಡುವ ಹುಡುಗರ ಪ್ರಶ್ನೆ ಮಾತ್ರ ಹಳೇದೇ: “ನಮ್ಮೂರಲ್ಲಿ ಏನಿದೆ ತೆಗೆಯೋಕೆ?”

ದಿನಾ ನೋಡೋದು ಕಣ್ಣಿಗೆ ಬೀಳಲ್ಲ

ಈ ಪ್ರಶ್ನೆ ತಪ್ಪಲ್ಲ. ದಿನಾ ಕಾಣೋದನ್ನ ಕಣ್ಣು ಗಮನಿಸೋದನ್ನೇ ಬಿಟ್ಟುಬಿಡುತ್ತೆ. ಅದಕ್ಕೇ ಬೆಟ್ಟದಲ್ಲಿ ದೀಪಾವಳಿ ಹಾಲರವಿ ಉತ್ಸವ ಬಂದರೆ ಸಾವಿರ ಫೋನು ಮೇಲೇಳುತ್ತವೆ. ಅದೇ ಬೆಟ್ಟಕ್ಕೆ ನಡೆದು ಹೋಗುವ ಪರಸೆಯವರು ಅಂಗಡಿ ಜಗಲಿ ಮೇಲೆ ಕೂತು ಕಾಲು ನೀವಿಕೊಳ್ಳುವಾಗ ಒಬ್ಬರೂ ಫೋನು ತೆಗೆಯಲ್ಲ. ಉತ್ಸವದ ಫೋಟೊ ಎಲ್ಲರ ಹತ್ತಿರ ಒಂದೇ ಥರ ಇರುತ್ತೆ. ಜಗಲಿಯದ್ದು ಯಾರ ಹತ್ತಿರವೂ ಇರಲ್ಲ.

ಕನ್ನಡದಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007). ಹೊಟ್ಟೆಪಾಡಿಗೆ ಕಾಫಿ ತೋಟ, ಹೆಸರು ತಂದದ್ದು ಬರವಣಿಗೆ, ಫೋಟೊ ಬರೀ ಹವ್ಯಾಸ. ಹಾಗಿದ್ದೂ ಮೂಡಿಗೆರೆಯಲ್ಲಿ ತಮ್ಮ ತೋಟಕ್ಕೆ, ಮನೆ ಸುತ್ತಿನ ಗಿಡಮರಕ್ಕೆ ಬರುವ ಹಕ್ಕಿಗಳನ್ನೇ ವರ್ಷಗಟ್ಟಲೆ ಕಾದು ತೆಗೆದರು. ಹಕ್ಕಿ ಹೊಸದಾಗಿರಲಿಲ್ಲ, ಜಾಗವೂ ಹೊಸದಾಗಿರಲಿಲ್ಲ. ಕಾಯುವ ತಾಳ್ಮೆ ಅವರದ್ದಾಗಿತ್ತು.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ವೃತ್ತಿಯಿಂದಲೇ ಪತ್ರಿಕಾ ಛಾಯಾಗ್ರಾಹಕರು. ಆದರೆ ಅವರ ಹೆಸರು ನಿಂತಿರೋದು ಗಣ್ಯರ ಫೋಟೊಗಳಿಗಿಂತ ಹೆಚ್ಚಾಗಿ ಬೀದಿ ಮಕ್ಕಳು, ಶಾಲೆ, ದುಡಿಯುವ ಜನರ ಚಿತ್ರಗಳ ಮೇಲೆ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕಚೇರಿಯಲ್ಲಿ ನಡೆಯಿತು.

ದೂರದ ಅಮೆರಿಕದಲ್ಲಿ ವಿವಿಯನ್ ಮೇಯರ್ ಎಂಬ ಹೆಂಗಸು ಷಿಕಾಗೊ ನಗರದ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದರು. ಬಿಡುವಾದಾಗೆಲ್ಲ ಬೀದಿಯ ಜನರ ಫೋಟೊ ತೆಗೆದು, ಯಾರಿಗೂ ತೋರಿಸದೆ ಪೆಟ್ಟಿಗೆಯಲ್ಲಿಟ್ಟರು. 2007ರಲ್ಲಿ ಆ ಸಾಮಾನು ಹರಾಜಾದಾಗಲೇ ಅವು ಹೊರಬಿದ್ದಿದ್ದು. ಲೆಕ್ಕ ಹಾಕಿದರೆ ಲಕ್ಷಕ್ಕೂ ಮೀರಿದ ನೆಗೆಟಿವ್. ಇವತ್ತು ಆ ಕಾಲದ ಷಿಕಾಗೊ ಹೇಗಿತ್ತು ಅಂತ ನೋಡಬೇಕಾದವರು ಅವರ ಫೋಟೊ ಹುಡುಕುತ್ತಾರೆ.

ಒಂದು ಜಾಗ, ಒಂದು ಹೊತ್ತು

ಶುರು ಮಾಡೋಕೆ ಸುಲಭದ ದಾರಿ ಇದು: ಒಂದೇ ಜಾಗ ಹಿಡಿಯೋದು. ಅಂಗಡಿ ಇಟ್ಟವರಿಗೆ ಇದು ಇನ್ನೂ ಸಲೀಸು. ಗಲ್ಲಾಪೆಟ್ಟಿಗೆ ಹಿಂದೆ ಕೂತರೆ ರಸ್ತೆಯ ಒಂದು ತುಂಡು ದಿನವಿಡೀ ಕಣ್ಣೆದುರೇ ಇರುತ್ತೆ. ವಾರಕ್ಕೆ ಎರಡು ಸಲ, ಅದೇ ಜಾಗದಿಂದ, ಅದೇ ಹೊತ್ತಿಗೆ ಒಂದು ಫೋಟೊ ಸಾಕು.

ಮೊದಲ ಹತ್ತು ಒಂದೇ ಥರ ಕಾಣಬಹುದು. ಆಮೇಲೆ ವ್ಯತ್ಯಾಸ ಗೊತ್ತಾಗುತ್ತೆ. ಅಮಾವಾಸ್ಯೆ ಹಿಂದಿನ ದಿನ ತಮಿಳುನಾಡಿನ ಕಡೆಯಿಂದ ಬೆಟ್ಟಕ್ಕೆ ಹೋಗುವವರ ಗುಂಪು, ಮಾರನೇ ದಿನ ತಲೆ ಬೋಳಿಸಿಕೊಂಡು ವಾಪಸ್ಸಾಗುವವರು, ಕನ್ನಡ–ತಮಿಳು ಎರಡರಲ್ಲೂ ನಡೆಯುವ ಚೌಕಾಸಿ, ಬಸ್ಸಿಗೆ ಕಾಯುವ ಶಾಲೆ ಮಕ್ಕಳು. ಎರಡು ರಾಜ್ಯ ಸೇರುವ ಈ ರಸ್ತೆಯಲ್ಲಿ ಇದೆಲ್ಲ ದಿನದ ಮಾತು. ಬೇರೆ ಊರಿನವರಿಗೆ ಸಿಗೋದಲ್ಲ.

ಹೊಳೆ ಕೂಡ ಹಾಗೇ. ಮೆಟ್ಟೂರು ಅಣೆಕಟ್ಟೆ 1934ರಲ್ಲಿ ಮುಗಿದದ್ದು, ಅದರ ಪೂರ್ಣಮಟ್ಟ 120 ಅಡಿ. ಅಲ್ಲಿ ನೀರು ಏರಿದಾಗ, ಇಳಿದಾಗ ಈ ಭಾಗದ ಹೊಳೆದಂಡೆಯ ರೂಪವೇ ಬದಲಾಗುತ್ತೆ. ಒಂದು ಬಂಡೆಯನ್ನು ಗುರುತಿಟ್ಟುಕೊಂಡು ತಿಂಗಳಿಗೊಂದು ಫೋಟೊ ತೆಗೆದರೆ, ವರ್ಷದ ಕೊನೆಗೆ 12 ಫೋಟೊ. ಬರಗಾಲದ ವರ್ಷ ಯಾವುದು, ಮಳೆ ವರ್ಷ ಯಾವುದು ಅಂತ ಮುಂದೆ ಬಾಯಿಮಾತಿನಲ್ಲಿ ಜಗಳ ಆಡಬೇಕಿಲ್ಲ.

ಫೋನು ಸಾಕು, ಬೆಳಕು ನೋಡಬೇಕು

ದುಬಾರಿ ಕ್ಯಾಮೆರಾ ಬೇಕಿಲ್ಲ. ಫೋನಿನೊಳಗೆ ಬೆಳಕು ಹಿಡಿಯುವ ಭಾಗ ತುಂಬಾ ಚಿಕ್ಕದು, ಅದಕ್ಕೇ ಕತ್ತಲಲ್ಲಿ ಫೋಟೊ ಮಸುಕಾಗಿ ಕಾಳುಕಾಳಾಗಿ ಬರುತ್ತೆ. ಬೆಳಕು ಚೆನ್ನಾಗಿದ್ದರೆ ಸಾಧಾರಣ ಫೋನೂ ಒಳ್ಳೆ ಕೆಲಸ ಮಾಡುತ್ತೆ.

ಸೂರ್ಯ ಹುಟ್ಟಿದ ಮೇಲಿನ ಒಂದೆರಡು ಗಂಟೆ, ಮುಳುಗೋ ಮುಂಚಿನ ಒಂದೆರಡು ಗಂಟೆ ಬೆಳಕು ಓರೆಯಾಗಿ ಬೀಳುತ್ತೆ. ಆಗ ಮುಖದ ಗೆರೆ, ಗೋಡೆಯ ಒರಟುತನ, ಮೀನಿನ ಹೊಳಪು ಎಲ್ಲ ಎದ್ದು ಕಾಣುತ್ತವೆ. ನಡು ಮಧ್ಯಾಹ್ನ ತೆಗೆದರೆ ಕಣ್ಣಿನ ಕೆಳಗೆ ಕಪ್ಪು ನೆರಳು. ಆ ಹೊತ್ತಲ್ಲಿ ಜನರನ್ನು ಅಂಗಡಿ ಮುಂದಿನ ನೆರಳಿಗೋ ಮರದ ಕೆಳಕ್ಕೋ ಕರೆದು ತೆಗೆಯೋದು ವಾಸಿ.

ಟೀ ಲೋಟದ ಹಬೆ ಫೋಟೊದಲ್ಲಿ ಯಾಕೆ ಬರಲ್ಲ ಅಂತ ಬಹಳ ಮಂದಿ ಕೇಳ್ತಾರೆ. ಬೆಳಕು ತೆಗೆಯುವವರ ಬೆನ್ನ ಹಿಂದಿದ್ದರೆ ಹಬೆ ಕಾಣೋದಿಲ್ಲ. ಲೋಟದ ಆ ಕಡೆ ಬಾಗಿಲೋ ಕಿಟಕಿಯೋ ಇದ್ದು, ಹಿಂದೆ ಕಪ್ಪನೆಯ ಗೋಡೆ ಇದ್ದರೆ ಹಬೆ ಬಿಳಿಯಾಗಿ ಏಳುತ್ತೆ.

ಇನ್ನು ನಾಲ್ಕು ಸಣ್ಣ ಮಾತು. ತೆಗೆಯೋ ಮುಂಚೆ ಫೋನಿನ ಕ್ಯಾಮೆರಾ ಗಾಜನ್ನು ಬಟ್ಟೆಯಲ್ಲಿ ಒರೆಸಿ, ಎಣ್ಣೆ ಕೈ ಮುಟ್ಟಿದ ಗಾಜು ಎಲ್ಲವನ್ನೂ ಮಂಜು ಮಾಡುತ್ತೆ. ಜೂಮ್ ಮಾಡೋ ಬದಲು ಎರಡು ಹೆಜ್ಜೆ ಹತ್ತಿರ ಹೋಗಿ. ಮುಖದ ಮೇಲೆ ಬೆರಳಿಟ್ಟು ಫೋಕಸ್ ಮಾಡಿ. “ಸ್ಮೈಲ್ ಮಾಡಿ” ಅನ್ನದೆ, ಅವರು ಮಾಡ್ತಿರುವ ಕೆಲಸವನ್ನೇ ಮಾಡಲು ಬಿಡಿ.

ಕೇಳಿ ತೆಗೆಯಿರಿ, ಕಾಡಿನೊಳಗೆ ಇಳಿಯಬೇಡಿ

ಊರಿನವರೇ ಆದರೂ “ಅಣ್ಣ, ಒಂದು ಫೋಟೊ ತೆಗೀಲಾ?” ಅಂತ ಕೇಳೋದು ಮರ್ಯಾದೆ. ಹೊಳೆಯಲ್ಲಿ ಮೀಯುವವರು, ಬಟ್ಟೆ ಒಗೆಯುವ ಹೆಣ್ಣುಮಕ್ಕಳ ಕಡೆ ಫೋನು ತಿರುಗಿಸಲೇಬಾರದು. ಮಕ್ಕಳ ಫೋಟೊ ಹಾಕೋ ಮುಂಚೆ ತಂದೆ ತಾಯಿಯನ್ನು ಕೇಳಬೇಕು. ಪೋಡುಗಳಿಗೆ ಹೋದಾಗ ಸೋಲಿಗರನ್ನು ನೋಡುವ ವಸ್ತುವಿನ ಹಾಗೆ ನಿಲ್ಲಿಸಿ ತೆಗೆಯೋದು ಸಲ್ಲದು. ಚೆಕ್‌ಪೋಸ್ಟ್ ಬಳಿ ಕರ್ತವ್ಯದಲ್ಲಿರುವ ಸಿಬ್ಬಂದಿಯನ್ನು ವಿಚಾರಿಸಿಯೇ ಮುಂದುವರಿಯಬೇಕು.

ಕಾಡಿನ ವಿಷಯ ಬೇರೆ. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮ, 2013ರ ಮಲೆ ಮಹದೇಶ್ವರ ವನ್ಯಧಾಮ ಎರಡೂ ಸೇರಿ ಈ ಭಾಗದ ಕಾಡಿನ ದೊಡ್ಡ ಪಾಲನ್ನು ಒಳಗೊಂಡಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹೆದ್ದಾರಿಯಲ್ಲಿ ಹಾದುಹೋಗಲು ಅಡ್ಡಿಯಿಲ್ಲ. ಆದರೆ ಫೋಟೊಗೆ ಅಂತ ವನ್ಯಧಾಮದೊಳಗೆ ಹೋಗಲು ಅರಣ್ಯ ಇಲಾಖೆ ಅನುಮತಿ ಬೇಕು. ಆನೆ ಕಂಡಿತು ಅಂತ ಬೈಕ್ ನಿಲ್ಲಿಸಿ ಸೆಲ್ಫಿಗೆ ನಿಂತರೆ ಕಾನೂನಿಗಿಂತ ಮೊದಲು ಜೀವಕ್ಕೇ ಅಪಾಯ. ಒಳ್ಳೆ ಫೋಟೊಗೆ ಆನೆಯೇ ಬೇಕಿಲ್ಲ, ಊರೊಳಗೇ ಬೇಕಾದಷ್ಟಿದೆ.

ತೆಗೆದದ್ದು ಉಳಿಯಬೇಕಲ್ಲ

ಬಹಳ ಫೋಟೊ ಹಾಳಾಗೋದು ಇಲ್ಲೇ. ಫೋನು ಹೊಳೆಗೆ ಬಿತ್ತು, ಡಿಸ್‌ಪ್ಲೇ ಹೋಯ್ತು, ಜಾಗ ಸಾಲದೆ ಡಿಲೀಟ್ ಆಯ್ತು ಅಂದರೆ ಮುಗೀತು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದರ ಗಾತ್ರ ಕುಗ್ಗುತ್ತೆ, ತೆಗೆದ ದಿನಾಂಕದ ಮಾಹಿತಿಯೂ ಅಳಿಸಿಹೋಗುತ್ತೆ. ‘ಡಾಕ್ಯುಮೆಂಟ್’ ಅಂತ ಕಳಿಸಿದರೆ ಮೂಲ ಫೋಟೊ ಹಾಗೇ ತಲುಪುತ್ತೆ. ಗೂಗಲ್ ಖಾತೆಯಲ್ಲಿ 15 ಜಿಬಿವರೆಗೆ ಉಚಿತ ಜಾಗವಿದೆ. ಇ–ಮೇಲ್ ಕೂಡ ಅದರಲ್ಲೇ ಲೆಕ್ಕ, ಹಾಗಾಗಿ ಆರಿಸಿ ಇಡಬೇಕು. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲೂ ಇರಲಿ.

ಎಲ್ಲಕ್ಕಿಂತ ಗಟ್ಟಿ ಕಾಗದದ ಪ್ರಿಂಟ್. ತಿಂಗಳಿಗೆ ಎರಡೇ ಎರಡು ಪ್ರಿಂಟ್ ಹಾಕಿಸಿ, ಹಿಂದೆ ಪೆನ್ನಿನಲ್ಲಿ ಯಾರು, ಎಲ್ಲಿ, ಯಾವ ದಿನ ಅಂತ ಬರೆದಿಡಬೇಕು. ಒಂದು ಪ್ರತಿ ಫೋಟೊದಲ್ಲಿ ಇರುವವರಿಗೇ ಕೊಟ್ಟರೆ ಮುಂದಿನ ಸಲ ಕೇಳೋಕೂ ಮುಖ ಇರುತ್ತೆ. ಹೆಸರು, ದಿನಾಂಕ ಇಲ್ಲದ ಫೋಟೊ ಇಪ್ಪತ್ತು ವರ್ಷದ ಮೇಲೆ ಮನೆಯವರಿಗೂ ಗುರುತು ಸಿಗಲ್ಲ.

1993ರಲ್ಲಿ ಸ್ಫೋಟದ ಹಿಂದಿನ ದಿನವೂ ಪಾಲಾರ್‌ನಲ್ಲಿ ಯಾರೋ ಟೀ ಕಾಸಿದ್ದರು, ಯಾರೋ ಬಲೆ ಒಣಗಿ ಹಾಕಿದ್ದರು. ಆ ದಿನದ್ದೊಂದು ಫೋಟೊ ಇವತ್ತು ಹುಡುಕಿದರೂ ಸಿಗೋದು ಕಷ್ಟ. ಇವತ್ತಿನ ದಿನದ್ದು ಮುಂದೆ ಸಿಗಬೇಕು ಅಂದರೆ ಈಗ ಫೋನು ಕೈಯಲ್ಲಿರುವವರು ತೆಗೆಯಬೇಕು, ದಿನಾಂಕ ಬರೆದು ಇಡಬೇಕು. ನಾಳೆ ಬೆಳಿಗ್ಗೆ ಅಂಗಡಿ ಷಟರ್ ಎತ್ತಿದ ತಕ್ಷಣ, ಹೊಸ್ತಿಲಲ್ಲೇ ನಿಂತು ಮೊದಲನೆಯದನ್ನು ತೆಗೆಯಬಹುದು.