ಲೆಕ್ಕಕ್ಕುಂಟು, ಆಟಕ್ಕಿಲ್ಲ

ನಿವೃತ್ತಿಯ ನಂತರ ನಾನು ವಾರಕ್ಕೆ ಎರಡು ದಿನ ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪಾಠ ಮಾಡುತ್ತೇನೆ. ಸಂಬಳದ ಕೆಲಸವಲ್ಲ, ಎಂದೋ ಓದಿದ ಎಂ.ಎ. ಪೂರ್ತಿ ಮರೆತುಹೋಗದಿರಲಿ ಎಂಬ ಸ್ವಾರ್ಥವೂ ಅದರಲ್ಲಿದೆ. ಕಳೆದ ವರ್ಷ ಬಿ.ಎ. ವಿದ್ಯಾರ್ಥಿಗಳಿಗೆ ಒಂದು ಸಣ್ಣ ಕೆಲಸ ವಹಿಸಿದೆ. 2011ರ ಜನಗಣತಿಯಿಂದ ತಮ್ಮ ತಾಲ್ಲೂಕಿನ ಸಾಕ್ಷರತೆಯ ಅಂಕಿ-ಅಂಶಗಳನ್ನು ಹೆಕ್ಕಿ, ಕಂಪ್ಯೂಟರಿನಲ್ಲಿ ಕೋಷ್ಟಕವೊಂದನ್ನು ತಯಾರಿಸಿ, ನನಗೆ ಇ-ಮೇಲ್ ಮಾಡಬೇಕು, ಇಷ್ಟೇ. ವಾರ ಕಳೆಯುವಷ್ಟರಲ್ಲಿ ನಲವತ್ತು ಕೋಷ್ಟಕಗಳು ಬಂದವು. ಎಲ್ಲವೂ ಒಂದೇ ಅಚ್ಚಿನವು. ಒಂದರಲ್ಲಿದ್ದ ತಪ್ಪು ನಲವತ್ತರಲ್ಲೂ ಇತ್ತು. ಬಸ್ ನಿಲ್ದಾಣದ ಎದುರಿನ ಸೈಬರ್ ಸೆಂಟರಿನವರು ತಲೆಗೆ ಮೂವತ್ತು ರೂಪಾಯಿ ಪಡೆದು ಎಲ್ಲರ ಪರವಾಗಿಯೂ ಕೋಷ್ಟಕ ತಯಾರಿಸಿ ಕಳುಹಿಸಿದ್ದರು.

ನನಗೆ ಸಿಟ್ಟು ಬಂದದ್ದು ಸಹಜ. ‘ಏನಮ್ಮ, ನಿನ್ನ ಇ-ಮೇಲ್‌ನಿಂದ ನೀನೇ ಕಳುಹಿಸಬಾರದಿತ್ತೇ?’ ಎಂದು ಮುಂದಿನ ಸಾಲಿನ ವಿದ್ಯಾರ್ಥಿನಿಯನ್ನು ಕೇಳಿದೆ. ‘ನನ್ನ ಇ-ಮೇಲ್ ಸೈಬರ್ ಅಣ್ಣನ ಹತ್ರ ಇದೆ ಸರ್’ ಎಂದಳು. ಪದವಿ ಪ್ರವೇಶಕ್ಕೆ ಅರ್ಜಿ ಹಾಕುವಾಗ ಆತನೇ ವಿಳಾಸ ತೆರೆದುಕೊಟ್ಟಿದ್ದ. ಪಾಸ್‌ವರ್ಡ್ ಇದ್ದದ್ದು ಆತನ ನೋಟ್‌ಬುಕ್ಕಿನಲ್ಲಿ, ಇನ್ನೂ ನೂರಾರು ಮಕ್ಕಳ ಪಾಸ್‌ವರ್ಡ್‌ಗಳ ಜೊತೆಗೆ. ಆಕೆಯ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಬ್ಯಾಂಕ್ ಖಾತೆಯ ವಿವರ ಹೊಂದಿಕೆಯಾಗದೆ ಸರಿಪಡಿಸುವಂತೆ ಬಂದಿದ್ದ ಸೂಚನೆ ಅದೇ ಇ-ಮೇಲ್‌ನಲ್ಲಿ ಯಾರೂ ತೆರೆಯದೆ ಬಿದ್ದಿತ್ತು. ಕೊನೆಯ ದಿನಾಂಕ ಮುಗಿದುಹೋಗಿತ್ತು. ತಾಯಿ ಕೂಲಿ ಮಾಡಿ ಓದಿಸುತ್ತಿರುವ ಹುಡುಗಿಗೆ ಒಂದು ವರ್ಷದ ವಿದ್ಯಾರ್ಥಿವೇತನ ಕೈತಪ್ಪಿತು.

ಈ ಹುಡುಗಿ ಮೊಬೈಲ್ ಬಳಸಲು ಬಾರದವಳಲ್ಲ ಎಂಬುದನ್ನು ಗಮನಿಸಬೇಕು. ವಿಡಿಯೊ ನೋಡುತ್ತಾಳೆ, ಅಂಗಡಿಯಲ್ಲಿ ಹಣ ಪಾವತಿಸುತ್ತಾಳೆ. ಆದರೆ ಕಡತವೊಂದನ್ನು ಉಳಿಸಿ ಮತ್ತೆ ಹುಡುಕುವುದು, ಅಂಕಿಗಳನ್ನು ಜೋಡಿಸುವುದು, ಕನ್ನಡದಲ್ಲಿ ಒಂದು ಪುಟ ಬೆರಳಚ್ಚು ಮಾಡುವುದು, ತನ್ನ ಗುರುತನ್ನು ತಾನೇ ಕಾಪಾಡಿಕೊಳ್ಳುವುದು ಇವೆಲ್ಲ ಬೇರೆಯೇ ವಿದ್ಯೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ (2017-18) ಪ್ರಕಾರ ದೇಶದ ಗ್ರಾಮೀಣ ಕುಟುಂಬಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ 4.4ರಷ್ಟರಲ್ಲಿ ಮಾತ್ರ, ನಗರಗಳಲ್ಲಿ ಶೇ 23.4. ಐದು ವರ್ಷ ಮೇಲ್ಪಟ್ಟವರಲ್ಲಿ ಕಂಪ್ಯೂಟರ್ ಬಳಸಬಲ್ಲವರು ಹಳ್ಳಿಗಳಲ್ಲಿ ಶೇ 9.9, ನಗರಗಳಲ್ಲಿ ಶೇ 32.4. ಆನಂತರ ಸ್ಮಾರ್ಟ್‌ಫೋನ್ ಮನೆಮನೆಗೂ ತಲುಪಿದೆ, ನಿಜ. ಆದರೆ ಫೋನ್ ತಲುಪಿದ ಮಾತ್ರಕ್ಕೆ ಈ ವಿದ್ಯೆಯೂ ತಲುಪಿತೆಂದು ಭಾವಿಸುವುದು, ಗ್ರಂಥಾಲಯ ಕಟ್ಟಿದ್ದರಿಂದ ಊರೆಲ್ಲ ಓದು ಕಲಿಯಿತು ಎಂದಂತೆ.

ಮನೆಯಲ್ಲಿ ಇಲ್ಲದಿದ್ದರೇನು, ಕಾಲೇಜಿನಲ್ಲಿ ಕಂಪ್ಯೂಟರ್ ಇಲ್ಲವೇ ಎಂದು ಓದುಗರು ಕೇಳಬಹುದು. ಇವೆ. ನಾನು ಹೋಗಿ ನೋಡಿದಾಗ ಪ್ರಯೋಗಾಲಯದಲ್ಲಿ ಇಪ್ಪತ್ತು ಯಂತ್ರಗಳು ಪ್ಲಾಸ್ಟಿಕ್ ಹೊದಿಕೆಯೊಳಗೆ ಭದ್ರವಾಗಿದ್ದವು. ಯುಪಿಎಸ್‌ನ ಬ್ಯಾಟರಿಗಳು ಸತ್ತು ಎರಡು ವರ್ಷವಾಗಿತ್ತು. ಬೀಗದ ಕೈ ಅತಿಥಿ ಉಪನ್ಯಾಸಕರೊಬ್ಬರ ಬಳಿ ಇತ್ತು. ಅವರು ಬರುವುದು ವಾರಕ್ಕೆ ಮೂರು ದಿನ. ಉಳಿದ ದಿನ ಬೇರೆಯವರು ಏಕೆ ತೆರೆಯಬಾರದು ಎಂದು ಕೇಳಿದ್ದಕ್ಕೆ ಪ್ರಾಂಶುಪಾಲರು ನಕ್ಕು ಹೇಳಿದರು: ‘ಒಂದು ಮೌಸ್ ಕಳೆದರೂ ಆಡಿಟ್‌ನಲ್ಲಿ ವಸೂಲಿ ಬರೆಯುತ್ತಾರೆ. ಯಾರಿಗೆ ಬೇಕು ಸರ್?’

ಆ ನಗು ನನ್ನನ್ನೇ ಚುಚ್ಚಿತು. ಸೇವೆಯಲ್ಲಿದ್ದಾಗ ಇಂಥ ಖರೀದಿಗಳ ಕಡತಗಳು ನನ್ನ ಮೇಜಿನ ಮೇಲೂ ಹಾದುಹೋಗಿವೆ. ಯಂತ್ರಗಳು ಬಂದಿವೆಯೇ, ದಾಸ್ತಾನು ವಹಿಯಲ್ಲಿ ನಮೂದಾಗಿವೆಯೇ ಎಂದು ನೋಡಿ ಹಣ ಬಳಕೆ ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದೇನೆ. ಅವುಗಳ ಮುಂದೆ ಎಷ್ಟು ವಿದ್ಯಾರ್ಥಿಗಳು ಎಷ್ಟು ಗಂಟೆ ಕುಳಿತರು ಎಂದು ಕೇಳುವ ಕಲಂ ಆ ನಮೂನೆಯಲ್ಲಿ ಇರಲಿಲ್ಲ. ಇರಬೇಕಿತ್ತು ಎಂದು ನಾನೂ ಬರೆಯಲಿಲ್ಲ.

ಇದರ ಮೂಲ ನಮ್ಮ ಬಜೆಟ್ಟಿನ ರಚನೆಯಲ್ಲೇ ಇತ್ತು. ಹೊಸ ಯಂತ್ರದ ಖರೀದಿ ‘ಯೋಜನಾ ವೆಚ್ಚ’; ಅದನ್ನು ನೋಡಿಕೊಳ್ಳುವವನ ಸಂಬಳ, ದುರಸ್ತಿ, ಬ್ಯಾಟರಿ ಇವೆಲ್ಲ ಬಹುಮಟ್ಟಿಗೆ ‘ಯೋಜನೇತರ ವೆಚ್ಚ’. ಮೊದಲನೆಯದು ಅಭಿವೃದ್ಧಿ ಎನಿಸಿಕೊಂಡರೆ ಎರಡನೆಯದು ಹೊರೆ ಎನಿಸಿಕೊಳ್ಳುತ್ತಿತ್ತು. ಮಿತವ್ಯಯದ ಸುತ್ತೋಲೆ ಬಂದಾಗಲೆಲ್ಲ ಕತ್ತರಿ ಬೀಳುತ್ತಿದ್ದದ್ದು ಎರಡನೆಯದಕ್ಕೇ. ಹೀಗಾಗಿ ನೂರು ಕಂಪ್ಯೂಟರ್ ಕೊಳ್ಳುವುದು ಒಬ್ಬ ಬೋಧಕನನ್ನು ನೇಮಿಸುವುದಕ್ಕಿಂತ ಸುಲಭವಾಗಿತ್ತು. ಕೇಂದ್ರ ಸರ್ಕಾರ 2017-18ರ ಬಜೆಟ್ಟಿನಿಂದ ಈ ವರ್ಗೀಕರಣವನ್ನು ಕೈಬಿಟ್ಟಿತು. ಮನೋಭಾವವನ್ನು ಬಿಡುವುದು ಅಷ್ಟು ಸುಲಭವಲ್ಲ. ಬಂಡವಾಳಕ್ಕೆ ತಕ್ಕ ಶ್ರಮ ಜೊತೆಗೂಡದಿದ್ದರೆ ಉತ್ಪನ್ನವಿಲ್ಲ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ.

ಹಾಗೆ ನೋಡಿದರೆ ಉನ್ನತ ಶಿಕ್ಷಣದಲ್ಲಿ ತಂತ್ರಜ್ಞಾನದ ಪ್ರಯೋಗ ನಮಗೆ ಹೊಸತೇನಲ್ಲ. 1984ರಲ್ಲಿ ಯುಜಿಸಿ ದೂರದರ್ಶನದ ಮೂಲಕ ರಾಷ್ಟ್ರವ್ಯಾಪಿ ತರಗತಿ ಆರಂಭಿಸಿತು. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಅದರ ಪ್ರಾಯೋಗಿಕ ಬಳಕೆಯಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇತ್ತು. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ರೂಪಿಸಿದ ಎನ್‌ಪಿಟಿಇಎಲ್ ಪಾಠಗಳು, 2017ರ ‘ಸ್ವಯಂ’ ವೇದಿಕೆ ನಿಜಕ್ಕೂ ಅಮೂಲ್ಯ. ‘ಸ್ವಯಂ’ನಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ಶೇ 20ರವರೆಗೆ ಪರಿಗಣಿಸಲು 2016ರ ನಿಯಮ ಅವಕಾಶ ಕೊಟ್ಟಿತ್ತು, 2021ರಲ್ಲಿ ಯುಜಿಸಿ ಆ ಮಿತಿಯನ್ನು ಶೇ 40ಕ್ಕೆ ಏರಿಸಿತು. ಆದರೆ ಈ ಸಂಪತ್ತೆಲ್ಲ ದಕ್ಕುವುದು ತನ್ನ ಇ-ಮೇಲ್ ತಾನೇ ತೆರೆಯಬಲ್ಲ, ಇಂಗ್ಲಿಷ್ ಉಪನ್ಯಾಸ ಅರಗಿಸಿಕೊಳ್ಳಬಲ್ಲ ವಿದ್ಯಾರ್ಥಿಗೆ. ಮೊದಲೇ ಇದ್ದವನಿಗೆ ಇನ್ನಷ್ಟು ಸೇರುತ್ತದೆ.

ಪಠ್ಯಕ್ರಮ ರೂಪಿಸುವಾಗಲೂ ನಾವು ಇದೇ ಮೆಟ್ಟಿಲು ಹಾರಿದೆವು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ 2021-22ರಲ್ಲಿ ಜಾರಿಗೆ ತಂದಾಗ ಪದವಿ ವಿದ್ಯಾರ್ಥಿಗಳಿಗೆ ‘ಡಿಜಿಟಲ್ ಫ್ಲೂಯೆನ್ಸಿ’ ಎಂಬ ವಿಷಯ ಬಂತು. ಉದ್ದೇಶ ಶ್ಲಾಘನೀಯ. ಆದರೆ ಅದರಲ್ಲಿದ್ದದ್ದು ಕೃತಕ ಬುದ್ಧಿಮತ್ತೆ, ಕ್ಲೌಡ್ ಕಂಪ್ಯೂಟಿಂಗ್, ದತ್ತಾಂಶ ವಿಶ್ಲೇಷಣೆಗಳ ಪರಿಚಯ. ಕಡತ ಉಳಿಸಲು ಬಾರದ ಮಕ್ಕಳು ಕ್ಲೌಡ್ ಕಂಪ್ಯೂಟಿಂಗ್‌ನ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದರೆ ಅದು ಈಜನ್ನು ಕಪ್ಪು ಹಲಗೆಯ ಮೇಲೆ ಕಲಿತಂತೆ. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಪದವಿಯ ಅವಧಿ ಬದಲಾದರೂ ಈ ಕೊರತೆ ತನ್ನಷ್ಟಕ್ಕೆ ನೀಗುವುದಿಲ್ಲ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಅಪಾಯ ಇಮ್ಮಡಿಸಿದೆ. ಉತ್ತರ ಕ್ಷಣದಲ್ಲಿ ಸಿಗುತ್ತದೆ. ಅದು ಸರಿಯೇ ಎಂದು ಒರೆಗೆ ಹಚ್ಚುವುದನ್ನು ಕಲಿಸದಿದ್ದರೆ ಸೈಬರ್ ಸೆಂಟರಿನ ಜಾಗದಲ್ಲಿ ಇನ್ನೊಂದು ಯಂತ್ರ ಕುಳಿತಂತಾಗುತ್ತದೆ, ಅಷ್ಟೆ.

ಹಾಗಾದರೆ ಆಗಬೇಕಾದದ್ದೇನು? ನನ್ನ ದೃಷ್ಟಿಯಲ್ಲಿ ಮೂರು ಕೆಲಸಗಳು ತುರ್ತಾಗಿ ಆಗಬೇಕು. ಪ್ರತಿ ಸರ್ಕಾರಿ ಕಾಲೇಜಿಗೂ ಪೂರ್ಣಾವಧಿಯ ಒಬ್ಬ ಪ್ರಯೋಗಾಲಯ ಬೋಧಕ ಹಾಗೂ ಖರೀದಿಯ ಜೊತೆಯಲ್ಲೇ ಐದು ವರ್ಷದ ನಿರ್ವಹಣಾ ವೆಚ್ಚ ಮಂಜೂರಾಗಬೇಕು. ಮೊದಲ ಸೆಮಿಸ್ಟರ್‌ನಲ್ಲಿ ಕನ್ನಡದಲ್ಲೇ ಪಾಠ, ಯಂತ್ರದ ಮುಂದೆಯೇ ಪರೀಕ್ಷೆ ನಡೆಯಬೇಕು: ಇ-ಮೇಲ್ ತೆರೆ, ಕೋಷ್ಟಕ ಮಾಡು, ಕನ್ನಡದಲ್ಲಿ ಅರ್ಜಿ ಬರೆ, ಒಂದು ಸುಳ್ಳು ಸುದ್ದಿಯನ್ನು ಗುರುತಿಸು. ಮೂರನೆಯದಾಗಿ, ತಪಾಸಣಾ ವರದಿಯಲ್ಲಿ ಯಂತ್ರಗಳ ಸಂಖ್ಯೆಯ ಪಕ್ಕದಲ್ಲಿ ಬಳಕೆಯ ಗಂಟೆಗಳೂ ನಮೂದಾಗಬೇಕು. ಸಹಜ ಸವಕಳಿಗೆ ಯಾರಿಂದಲೂ ವಸೂಲಿ ಕೂಡದು.

ಪ್ರಾಂಶುಪಾಲರ ಅನುಮತಿ ಪಡೆದು, ಕೆಟ್ಟದ್ದಕ್ಕೆ ನಾನೇ ಹೊಣೆ ಎಂದು ಬರೆದುಕೊಟ್ಟು, ನಾನು ಹೋಗುವ ಎರಡು ಮಧ್ಯಾಹ್ನ ಪ್ರಯೋಗಾಲಯ ತೆರೆಸಿದ್ದೇವೆ. ಇಪ್ಪತ್ತರಲ್ಲಿ ಹನ್ನೊಂದು ಯಂತ್ರಗಳು ನಡೆಯುತ್ತಿವೆ. ಈವರೆಗೆ ಒಂದು ಮೌಸ್ ಕೂಡ ಕಳೆದಿಲ್ಲ. ಮೊದಲ ದಿನ ಆ ಹುಡುಗಿ ತನ್ನ ಪಾಸ್‌ವರ್ಡ್ ಬದಲಿಸಿದಳು. ಹೊಸದೇನಿಟ್ಟೆ ಎಂದು ಸುಮ್ಮನೆ ಕೇಳಿದೆ. ‘ಅದನ್ನ ಯಾರಿಗೂ ಹೇಳಬಾರದು ಅಂದಿದ್ದು ನೀವೇ ಅಲ್ವಾ ಸರ್’ ಎಂದು ನಕ್ಕಳು. ಈಗ ತನ್ನ ಅರ್ಜಿಯನ್ನು ತಾನೇ ತುಂಬುತ್ತಾಳೆ, ಗೆಳತಿಯರದನ್ನೂ ತುಂಬಿಸುತ್ತಾಳೆ. ಕಳೆದುಹೋದ ಆ ವರ್ಷದ ವಿದ್ಯಾರ್ಥಿವೇತನ ಮಾತ್ರ ಆಕೆಗೆ ಬರಲಿಲ್ಲ.