ಮೆಂಥಾಲ್ ಪಟ್ಟಿ ಮತ್ತು ನೋವಿನ ತಾತ್ಕಾಲಿಕ ಉಪಶಮನ

ಬೀದರ ನಗರದ ಪೂರ್ವಕ್ಕಿರುವ ಅಷ್ಟೂರು ಬಹಮನಿ ಸುಲ್ತಾನರ ಗೋರಿಗಳಿಂದ ಇತಿಹಾಸಪ್ರಸಿದ್ಧವಾಗಿದೆ. 1436ರಲ್ಲಿ ಕಾಲವಾದ ಅಹಮದ್ ಶಾಹ ವಲಿಯನ್ನು ಅಲ್ಲಮಪ್ರಭುವೆಂದೇ ಭಾವಿಸುವ ಭಕ್ತರೂ ಉಂಟು. ಹೋಳಿಯ ತರುವಾಯ ನಡೆಯುವ ಅಲ್ಲಿಯ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ಪರಿವಾರಸಮೇತರಾಗಿ ಕಾಲ್ನಡಿಗೆಯಲ್ಲಿ ಬರುವ ಸಂಪ್ರದಾಯವಿದೆ. ಹೀಗೆ ದೂರ ನಡೆದವರ ಕಾಲು, ಸೊಂಟಗಳ ನೋವನ್ನು ಶಮನಗೊಳಿಸುವ ಬಗೆಯೂ ನಮ್ಮ ಸಾಮಾಜಿಕ ಇತಿಹಾಸಕ್ಕೆ ಸೇರಿದ ವಿಷಯವೇ ಆಗಿದೆ.

1956ರವರೆಗೆ ಬೀದರವು ಹೈದರಾಬಾದು ಸಂಸ್ಥಾನ, ರಾಜ್ಯಗಳ ಭಾಗವಾಗಿದ್ದಿತು. ಆ ರಾಜಧಾನಿಯಲ್ಲಿ 1920ರಲ್ಲಿ ಹುಟ್ಟಿದ ‘ಜಿಂದಾ ತಿಲಿಸ್ಮಾತ್’ ಎಂಬ ಯುನಾನಿ ಔಷಧದಲ್ಲಿ ನೀಲಗಿರಿ ತೈಲ, ಕರ್ಪೂರಗಳೊಡನೆ ಮೆಂಥಾಲೂ ಇದೆ. ಅದಕ್ಕೂ ಮುನ್ನ, 1893ರಲ್ಲಿ, ಕಾಶೀನಾಥುನಿ ನಾಗೇಶ್ವರರಾಯರು ಮುಂಬಯಿಯಲ್ಲಿ ‘ಅಮೃತಾಂಜನ’ವನ್ನು ಆರಂಭಿಸಿದ್ದರು. ಆದುದರಿಂದ ಇಂದು ವೈದ್ಯರ ಚೀಟಿಯಿಲ್ಲದೆ ದೊರೆಯುವ ಪಟ್ಟಿಯಲ್ಲಿ ಹೊಸದಾದುದು ದ್ರವ್ಯವಲ್ಲ, ಅದನ್ನು ಚರ್ಮಕ್ಕೆ ಅಂಟಿಸುವ ವಿಧಾನ.

ಪುದೀನಾ ಜಾತಿಯ ಗಿಡಗಳ ತೈಲದಿಂದ ಲಭಿಸುವ ಮೆಂಥಾಲು ಚರ್ಮದ ತಂಪನ್ನರಿಯುವ ನರತಂತುಗಳನ್ನು ಪ್ರಚೋದಿಸುತ್ತದೆ. ಈ ತಂಪಿನ ಸಂವೇದನೆಯು ನೋವಿನ ಅರಿವನ್ನು ಕೆಲಕಾಲ ಮಸುಕುಗೊಳಿಸುವುದು. ಈ ಕ್ರಿಯೆಗೆ ಕಾರಣವಾದ ಗ್ರಾಹಕವನ್ನು 2002ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಪ್ರತ್ಯೇಕವಾಗಿ ಗುರುತಿಸಿದರು. ಉಷ್ಣತೆ ಮತ್ತು ಸ್ಪರ್ಶದ ಗ್ರಾಹಕಗಳ ಶೋಧಕ್ಕಾಗಿ ಇವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅನೇಕ ಪಟ್ಟಿಗಳಲ್ಲಿ ಆಸ್ಪಿರಿನ್ನಿನ ವರ್ಗಕ್ಕೆ ಸೇರಿದ ಮೀಥೈಲ್ ಸ್ಯಾಲಿಸಿಲೇಟ್ ಕೂಡ ಇರುತ್ತದೆ.

ಇಲ್ಲಿ ನಾವು ಒಂದು ಭೇದವನ್ನು ಗಮನಿಸಬೇಕು. ಪಟ್ಟಿಯು ನೋವಿನ ಅರಿವನ್ನು ತಗ್ಗಿಸುವುದೇ ಹೊರತು ನೋವಿನ ಮೂಲವನ್ನು ನಿವಾರಿಸುವುದಿಲ್ಲ. ಹೊರಲೇಪಗಳಿಂದಲೂ ಅಪಾಯವುಂಟು: ಇಂತಹ ಔಷಧಗಳಿಂದಾದ 43 ಸುಟ್ಟಗಾಯಗಳ ಪ್ರಕರಣಗಳನ್ನು ಉಲ್ಲೇಖಿಸಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2012ರಲ್ಲಿ ಎಚ್ಚರಿಕೆ ನೀಡಿತು. ಆದಕಾರಣ ಗಾಯವಾದ ಚರ್ಮದ ಮೇಲೆ ಪಟ್ಟಿಯನ್ನು ಹಚ್ಚಬಾರದು. ಅದರ ಮೇಲೆ ಬಿಸಿನೀರಿನ ಚೀಲವನ್ನಿಡಬಾರದು, ಬಿಗಿಯಾಗಿ ಕಟ್ಟಬಾರದು. ಉರಿ ಹೆಚ್ಚಿದರೆ ಕೂಡಲೆ ತೆಗೆಯಬೇಕು. ಲಕೋಟೆಯಲ್ಲಿ ಸೂಚಿಸಿದ ಅವಧಿಯನ್ನು ಮೀರಬಾರದು. ಆಸ್ಪಿರಿನ್ ಒಗ್ಗದವರು, ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು ಮತ್ತು ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳುವುದು ಉಚಿತ.

ನಡಿಗೆಯ ದಣಿವಿನಿಂದುಂಟಾದ ಸ್ನಾಯುನೋವಿಗೆ ಪಟ್ಟಿ ಸಹಾಯಕವೆಂಬುದರಲ್ಲಿ ಸಂದೇಹವಿಲ್ಲ. ಆದರೆ ವಾರ ಕಳೆದರೂ ಉಳಿಯುವ ನೋವು, ಕಾಲಿನ ಜೋಮು, ಬಾವು ಇವು ವೈದ್ಯರ ಪರೀಕ್ಷೆಗೆ ಅರ್ಹವಾದವು. ಎದೆಯಿಂದ ತೋಳಿಗೆ ಹರಿಯುವ ನೋವಿಗಂತೂ ಪಟ್ಟಿ ಹಚ್ಚಿ ಕಾಯುವುದು ಪ್ರಾಣಾಪಾಯಕ್ಕೆ ಎಡೆಗೊಡುವುದು. ಅಂಥವರನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.