ಔಷಧ ತಯಾರಿಕೆ: ಮಿತ ಪ್ರಯೋಗ, ಅಧಿಕ ಮಾಹಿತಿ

ಔಷಧ ತಯಾರಿಕಾ ವಿಧಾನವನ್ನು ರೂಪಿಸುವಾಗ ಪ್ರತಿಯೊಂದು ಪ್ರಾಯೋಗಿಕ ಬ್ಯಾಚ್‌ಗೂ ಕಚ್ಚಾವಸ್ತು, ಕೂಲಿ ಹಾಗೂ ಪರೀಕ್ಷಾ ವೆಚ್ಚ ತಗಲುತ್ತದೆ. ಉಷ್ಣತೆ, ಸಮಯ, ದ್ರಾವಕದ ಪ್ರಮಾಣ ಮುಂತಾದ ಅಂಶಗಳನ್ನು ಒಂದೊಂದಾಗಿ ಬದಲಿಸುವ ರೂಢಿಯಲ್ಲಿ ಅವುಗಳ ಪರಸ್ಪರ ಪ್ರಭಾವವು ಗೋಚರಿಸುವುದಿಲ್ಲ. ಅಲ್ಪಾವಧಿಯಲ್ಲಿ ಇಳುವರಿ ಹೆಚ್ಚಿಸುವ ಉಷ್ಣತೆಯೇ ದೀರ್ಘಾವಧಿಯಲ್ಲಿ ಕಲ್ಮಶವನ್ನು ಹೆಚ್ಚಿಸಬಹುದು. ಇದಕ್ಕೆ ಪರಿಹಾರವಾಗಿ, ಬ್ರಿಟನ್ನಿನ ಆರ್. ಎ. ಫಿಶರ್ ಅವರು ತಮ್ಮ 1935ರ ಗ್ರಂಥದಲ್ಲಿ ನಿರೂಪಿಸಿದಂತೆ, ಹಲವು ಅಂಶಗಳನ್ನು ಕ್ರಮಬದ್ಧವಾಗಿ ಒಟ್ಟಿಗೆ ಬದಲಿಸಲಾಗುತ್ತದೆ.

ಐದು ಅಂಶಗಳನ್ನು ಎರಡೆರಡು ಮಟ್ಟಗಳಲ್ಲಿ ಪರೀಕ್ಷಿಸಲು 32 ಪ್ರಯೋಗಗಳು ಬೇಕು. ಸೂಕ್ತವಾಗಿ ಆಯ್ದ 16ರಿಂದಲೇ ಪ್ರತ್ಯೇಕ ಪರಿಣಾಮಗಳನ್ನೂ ಜೋಡಿ ಪ್ರಭಾವಗಳನ್ನೂ ಅಂದಾಜಿಸಬಹುದು. ಮೂರು ಅಥವಾ ಹೆಚ್ಚಿನ ಅಂಶಗಳ ಸಂಯುಕ್ತ ಪ್ರಭಾವ ನಗಣ್ಯವೆಂಬ ಊಹೆಯೇ ಇದಕ್ಕೆ ಆಧಾರ. ಆದ್ದರಿಂದ ಉಳಿತಾಯದ ಒಂದು ಭಾಗವನ್ನು ಫಲಿತಾಂಶ ದೃಢಪಡಿಸುವ ಬ್ಯಾಚ್‌ಗಳಿಗೆ ಮೀಸಲಿಡುವುದು ವಿವೇಕ. ತಿರಸ್ಕೃತ ಸರಕಿನ ನಷ್ಟಕ್ಕಿಂತ ಆ ವೆಚ್ಚ ಲೇಸು.